ಭದ್ರವಾಗಿ ನಿಂತ ಮನೆಗಾಡಿ

ಮನೆಗಾಡಿಯ ಬ್ರೇಕ್ ಪೈಪು ತೂತಾಗಿದ್ದೇ ಎಲ್ಲಕ್ಕೂ ಮೂಲ. ನಿವೃತ್ತ ಪ್ರೂಫ್ ರೀಡರ್ ಅದನ್ನು ಕೊಂಡು ಹದಿನೈದು ದಿನವಾಗಿತ್ತು. ಒಳಗೆ ಎರಡು ಮಂಚ, ಒಂದು ಒಲೆ, ಕಿಟಕಿಗೆ ಹೆಂಡತಿ ಹೊಲಿದ ಹೂವಿನ ಪರದೆ. ದೇಶವೆಲ್ಲ ಸುತ್ತುವ ಗಂಡಹೆಂಡಿರ ಆಸೆ ಮಾತ್ರ ಮನೆಯೆದುರಿನ ಬೀದಿ ಬಿಟ್ಟು ಅಲ್ಲಾಡಿರಲಿಲ್ಲ. ನಿನ್ನೆ ಪುರಸಭೆಯವರು ಗಾಜಿಗೆ ಚೀಟಿ ಅಂಟಿಸಿದ್ದರು: ಇವತ್ತು ನಾಲ್ಕು ಗಂಟೆಯೊಳಗೆ ವಾಹನ ತೆಗೆಯದಿದ್ದರೆ ಎಳೆದೊಯ್ಯಲಾಗುವುದು. ಅವರು ಎಳೆದೊಯ್ದ ಗಾಡಿ ಇಡಿಯಾಗಿ ವಾಪಸ್ಸು ಬಂದದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಮೆಕ್ಯಾನಿಕ್ ಸೋಮವಾರ ಬರುತ್ತೇನೆ ಎಂದಿದ್ದ; ಯಾವ ಸೋಮವಾರ ಎಂದು ಹೇಳಿರಲಿಲ್ಲ.

ಕೊನೆಗೆ ಪ್ರೂಫ್ ರೀಡರೇ ಅಂಗಿಯ ತೋಳು ಮಡಿಸಿದರು. ಮೂವತ್ತು ವರ್ಷ ಅಚ್ಚಿನ ತಪ್ಪು ಹುಡುಕಿದ ಮನುಷ್ಯ, ಏನನ್ನೂ ಒಂದೇ ಸಲ ನೋಡಿ ನಂಬುವವರಲ್ಲ. ಕೈಪಿಡಿಯನ್ನು ಮೂರು ಸಲ ಓದಿದರು. ನೀರಿನ ಟ್ಯಾಂಕ್ ಖಾಲಿ ಮಾಡಿದರು. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಹಿಂದೂ ಮುಂದೂ ಅಡ್ಡಗಟ್ಟೆ ಕೊಟ್ಟರು. ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ, ಭಾರ ಹೊರಬೇಕಾದದ್ದು ಗಾಡಿಯ ತಳದ ಚೌಕಟ್ಟಾದ ಚಾಸಿಯ ಕೆಳಗಿನ ಕಬ್ಬಿಣದ ಸ್ಟ್ಯಾಂಡುಗಳು ಎಂದು ಹೆಂಡತಿಗೆ ಪಾಠದಂತೆ ಒಪ್ಪಿಸಿದರು. ಆಕೆ ಬೀದಿಯ ಕೊನೆಯಲ್ಲಿ ನಿಂತು ಪುರಸಭೆಯ ಗಾಡಿ ಬರುತ್ತದೆಯೇ ಎಂದು ಕಾಯಲು ಹೋದರು.

ಒಬ್ಬ ಬಗ್ಗಿ ಗಾಡಿಯ ಕೆಳಗೆ ನೋಡಿದರೆ ಸಾಕು, ಬೀದಿಯ ಅರ್ಧ ಜನ ಬಗ್ಗುತ್ತಾರೆ. ಮೊದಲು ಬಂದವರು ಎದುರುಮನೆಯ ಹಳೇ ಲಾರಿ ಡ್ರೈವರ್. ಪೈಪು ಹಿಂದಿನಿಂದ ಮುಂದಿನವರೆಗೂ ಹೋಗಿದೆ, ನಾಲ್ಕೂ ಕಡೆ ಎತ್ತಿ, ಚಕ್ರ ಬಿಚ್ಚಿ ಚಾಸಿಯ ಕೆಳಗೆ ಮಲಗಿಸಿ, ಸ್ಟ್ಯಾಂಡ್ ಜಾರಿದರೂ ಚಕ್ರ ತಡೆಯುತ್ತದೆ ಎಂದರು. ಮಾತು ಸರಿಯಾಗಿತ್ತು, ಪ್ರೂಫ್ ರೀಡರ್ ಒಪ್ಪಿ ಹಾಗೆಯೇ ಮಾಡಿದರು. ಹಿಂದೆಯೇ ಪಕ್ಕದ ಮನೆಯ ಬಡಗಿ ಬಂದು ಕಬ್ಬಿಣವನ್ನು ತಾನು ನಂಬುವವನಲ್ಲ ಎಂದು ಹೇಳಿ, ಮೊಳದಗಲದ ಮರದ ದಿಮ್ಮಿಗಳನ್ನು ಹೊತ್ತು ತಂದು ನಾಲ್ಕು ಮೂಲೆಯಲ್ಲೂ ಅಡ್ಡಡ್ಡ ಪೇರಿಸಿ, ಸಂದಿಗೆಲ್ಲ ಬೆಣೆ ಹೊಡೆದ. ಗಾಡಿಯನ್ನು ಮೂವರೂ ಸೇರಿ ಅಲುಗಿಸಿದರು. ಅದು ಬಂಡೆಯ ಹಾಗೆ ಕೂತಿತ್ತು. ಅಷ್ಟರಲ್ಲಿ ಎರಡು ಗಂಟೆ.

ಪ್ರೂಫ್ ರೀಡರ್ ಚಾಪೆಯ ಮೇಲೆ ಮಲಗಿ ಕೆಳಗೆ ಸರಿದರು. ಮೂಗಿನಿಂದ ಗೇಣು ದೂರದಲ್ಲಿ ಮೂರು ಟನ್ ಭಾರ. ಹಳೇ ಪೈಪಿನ ತಿರುಪು ಬಿಚ್ಚಿದ್ದೇ ತಡ, ತಲೆಯ ಮೇಲೆ ಧಡ್ ಎಂದಿತು. ಮೂಲೆಯ ದಿಮ್ಮಿ ಕಿರ್ ಎಂದಿತು. ಪ್ರೂಫ್ ರೀಡರ್ ಸ್ಪ್ಯಾನರ್ ಕೆಳಗಿಟ್ಟರು.

"ಒಳಗ್ಯಾರು?" ಎಂದು ಮಲಗಿದಲ್ಲಿಂದಲೇ ಕೇಳಿದರು.

"ನಾನೇ ಅಳಿಯಂದ್ರೇ," ಎಂದಿತು ಮನೆಯಲ್ಲೇ ಇದ್ದ ಅತ್ತೆಯವರ ದನಿ. "ಆಚೆ ಬದಿಯ ಬಾಗಿಲಿಗೆ ಸ್ಟೂಲ್ ಹಾಕ್ಕೊಂಡು ಹತ್ತಿದೆ. ಮನೇಲಿ ಸೆಕೆ, ಇಲ್ಲಿ ಗಾಳಿ ಚೆನ್ನಾಗಿದೆ. ಒಂದು ಗಳಿಗೆ ಕಣ್ಣು ಮುಚ್ತೀನಿ."

"ಇಳೀರಿ ಅತ್ತೆ. ಗಾಡಿ ಎತ್ತಿಟ್ಟಾಗ ಒಳಗೆ ಯಾರೂ ಇರಬಾರದು. ಮೆಲ್ಲಗೆ ಇಳೀರಿ."

ಮೇಲಿಂದ ಉತ್ತರವಾಗಿ ಗೊರಕೆ ಬಂತು. ಎಬ್ಬಿಸಬೇಡಿ, ಗಾಬರಿಯಾಗಿ ಎದ್ದರೆ ಇನ್ನೂ ಅಲ್ಲಾಡುತ್ತೆ ಎಂದು ಡ್ರೈವರ್ ಪಿಸುಗುಟ್ಟಿದರು. ಬಡಗಿ ಸದ್ದಿಲ್ಲದೆ ಇನ್ನೆರಡು ದಿಮ್ಮಿ ತುರುಕಿದ. ಹೊರಗೆ ಬಂದು ಕೂತರೆ ನಾಲ್ಕು ಗಂಟೆಯ ಗಡುವು ಕಾಯುವುದಿಲ್ಲ. ಅತ್ತೆಯವರು ಮಗ್ಗಲು ಬದಲಿಸಿದಾಗಲೆಲ್ಲ ಪ್ರೂಫ್ ರೀಡರ್ ಕೈ ನಿಲ್ಲಿಸಿ, ಗೊರಕೆ ಶುರುವಾದಾಗಲೆಲ್ಲ ತಿರುಪು ಬಿಗಿದರು. ಹೊಸ ಪೈಪು ಕೂತಿತು, ಬ್ರೇಕ್ ಎಣ್ಣೆ ತುಂಬಿತು, ಒಂದು ಹನಿಯೂ ಸೋರಲಿಲ್ಲ. ಬೆವರಲ್ಲಿ ಮಿಂದು ಹೊರಬಂದಾಗ ನಾಲ್ಕಕ್ಕೆ ಹತ್ತು ನಿಮಿಷ. ಚಕ್ರ ಹಾಕಿದರೆ ಮುಗಿಯಿತು ಎನ್ನುವಷ್ಟರಲ್ಲಿ ಹೆಂಡತಿ ಓಡಿ ಬಂದರು. ಬೆನ್ನ ಹಿಂದೆಯೇ ಎಳೆಯುವ ಗಾಡಿ, ಅದರಿಂದಿಳಿದ ಪುರಸಭೆಯ ಸಾಹೇಬರು.

ಹತ್ತೇ ನಿಮಿಷ ಕೊಡಿ ಎಂದು ಪ್ರೂಫ್ ರೀಡರ್ ಅಂಗಲಾಚಿದರು. ಸಾಹೇಬರು ಬಗ್ಗಿ ದಿಮ್ಮಿಗಳನ್ನು ನೋಡಿದರು, ಒಂದನ್ನು ಒದ್ದೂ ನೋಡಿದರು. ಕಿಟಕಿಯ ಪರದೆ ಸರಿಸಿ, ಒಳಗೆ ಮಲಗಿದ್ದ ಅತ್ತೆಯವರನ್ನು ಕಂಡು ಗೌರವದಿಂದ ಪರದೆ ಮುಚ್ಚಿದರು. ನಾಲ್ಕೂ ಮೂಲೆಯ ಫೋಟೋ ತೆಗೆದರು.

"ಇದನ್ನ ಎಳೆಯೋಕಾಗಲ್ಲ," ಎಂದರು ಕೊನೆಗೆ. "ನಾವು ಎಳೆಯೋದು ವಾಹನ."

ಎಳೆಯುವ ಗಾಡಿ ತಿರುಗಿ ಹೊರಟೇ ಹೋಯಿತು. ಪ್ರೂಫ್ ರೀಡರಿಗೆ ಹೋದ ಜೀವ ಬಂದಂತಾಯಿತು. ಡ್ರೈವರ್ ಅವರ ಬೆನ್ನು ತಟ್ಟಿದರು. ಸಾಹೇಬರು ಮಾತ್ರ ಚೀಲದಿಂದ ಬೇರೊಂದು ಬಣ್ಣದ ನೋಟಿಸ್ ಪುಸ್ತಕ ತೆಗೆದು ಬರೆಯತೊಡಗಿದರು.

"ಚಕ್ರ ಇಲ್ಲ, ಪಾಯ ಇದೆ, ಒಳಗೆ ಸಂಸಾರ ಇದೆ. ಇದು ಕಟ್ಟಡ. ಅನುಮತಿ ಇಲ್ಲದೆ ರಸ್ತೆ ಮೇಲೆ ಕಟ್ಟಿದ್ದೀರಿ. ಏಳು ದಿನದಲ್ಲಿ ಒಡೆಯೋಕೆ ಜನ ಬರ್ತಾರೆ."

"ಅಯ್ಯೋ ಸ್ವಾಮಿ, ಈಗಲೇ ಚಕ್ರ ಹಾಕಿ ಓಡಿಸಿಕೊಂಡು ಹೋಗ್ತೀನಿ."

"ಹಾಗೆಲ್ಲ ಮುಟ್ಟೋ ಹಾಗಿಲ್ಲ. ದಾಖಲೆ ಆಗಿದೆ." ಸಾಹೇಬರು ದಿಮ್ಮಿಗಳ ಸುತ್ತ ದಾರ ಕಟ್ಟಿ, ಗಂಟಿನ ಮೇಲೆ ಅರಗು ಒತ್ತಿ ಮೊಹರು ಹಾಕಿದರು. ಏಳುತ್ತಾ ದಿಮ್ಮಿಯನ್ನು ಇನ್ನೊಮ್ಮೆ ಮೆಚ್ಚುಗೆಯಿಂದ ತಟ್ಟಿದರು.

"ಕೆಲಸ ಮಾತ್ರ ಬಲು ಅಚ್ಚುಕಟ್ಟು ಕಣ್ರೀ. ಇಷ್ಟು ಭದ್ರವಾದ ಪಾಯ ನಮ್ಮ ಆಫೀಸಿಗೂ ಇಲ್ಲ."