ಕೊಳ್ಳದವನ ಚೌಕಾಸಿ

ಕೆಂಭಾವಿ ಸಂತೆಯಲ್ಲಿ ನನ್ನ ಹೆಂಡತಿಯ ತಮ್ಮನಷ್ಟು ದೊಡ್ಡ ಚೌಕಾಸಿಗಾರ ಇನ್ನೊಬ್ಬನಿಲ್ಲ. ಅವನು ಏನನ್ನಾದರೂ ಕೊಂಡದ್ದನ್ನು ಮಾತ್ರ ಯಾರೂ ನೋಡಿಲ್ಲ!

ಕಾಲುವೆ ನೀರು ಬಂದು ಹೊಲದಲ್ಲಿ ಭತ್ತ ನಿಂತ ಮೇಲೆ ನಮ್ಮ ಸಂತೆಯೂ ಉದ್ದವಾಯಿತು. ನಾನು ನೆಟ್ಟಗೆ ಹೋಗಿ ನೆಟ್ಟಗೆ ಬರುವವನು. ಅವನೋ ನಾಲ್ಕು ಅಂಗಡಿಗೊಮ್ಮೆ ನಿಲ್ಲುವವನು. ಎತ್ತು ಮಾರಿ ಟ್ರ್ಯಾಕ್ಟರ್ ಕೊಂಡವನಿಗೆ ಮೂಗುದಾರದ ಬೆಲೆ ಯಾಕೆ? ತಲೆಯಲ್ಲಿ ಕೂದಲಿಲ್ಲದವನಿಗೆ ಬಾಚಣಿಕೆ ಯಾಕೆ? ಹೆಂಡತಿ, ಮಕ್ಕಳಿಲ್ಲದ ಈ ಒಂಟಿ ಮನುಷ್ಯ ಒಮ್ಮೆ ಬಳೆಗಾರ್ತಿಯ ಮುಂದೆ ನಿಂತು, ಹಸಿರು ಬೇಡ, ಕೆಂಪು ತೋರಿಸು ಎನ್ನುತ್ತಿದ್ದ.

“ಯಾರಿಗೋ ಬಳಿ?” ಎಂದೆ.

“ನೋಡಾಕೂ ರೊಕ್ಕ ಕೊಡಬೇಕೇನು, ಮಾಮಾ?”

ಒಂದು ದಿನ ಬೀಗ ಹಾಕಿದ ಅಂಗಡಿಯ ಮುಂದೆ ನಿಂತು, “ಇನ್ನ ಸ್ವಲ್ಪ ಕಮ್ಮಿ ಮಾಡ್ರಿ” ಎನ್ನುತ್ತಿದ್ದ. ತಲೆ ಕೆಟ್ಟಿತೆಂದು ಓಡಿದರೆ, ಕೆಟ್ಟದ್ದು ಕಾಲು. ಮೀನಖಂಡ ಹಿಡಿದುಕೊಂಡು ಬೆವರುತ್ತಿದ್ದ. ನಡೆದರೆ ನೋವು ಏರುತ್ತದೆ, ನಿಂತರೆ ಇಳಿಯುತ್ತದೆಯಂತೆ. ಇಷ್ಟು ದಿನದ ಚೌಕಾಸಿಯೆಲ್ಲ ನಿಲ್ಲುವುದಕ್ಕೊಂದು ನೆಪ!

ಸೊಲ್ಲಾಪುರದ ಡಾಕ್ಟರು ಕಾಲಿನ ರಕ್ತನಾಳ ಕಟ್ಟಿದೆ ಎಂದರು. ಒಳಗೆ ಬಲೂನು ತೂರಿಸಿ ಹಿಗ್ಗಿಸಿದರು.

“ಇನ್ನ ಸಾಯೂತನಕ ಚಿಂತಿಲ್ಲಲ್ರಿ?” ಎಂದು ಇವನು ಕೇಳಿದ.

“ನಿಮ್ಮ ಕಾಲುವಿ ಹೂಳು ಒಮ್ಮೆ ತೆಗದ್ರ ಮತ್ತ ತುಂಬೂದಿಲ್ಲೇನು?” ಎಂದರು ಡಾಕ್ಟರು. “ಬೀಡಿ ಬಿಡ್ರಿ, ದಿನಾ ನಡೀರಿ, ಹೇಳಿದಾಗ ತೋರಸಾಕ ಬರ್ರಿ.”

ಆಮೇಲಿನ ಸಂತೆಗಳಲ್ಲಿ ಅವನು ಎಲ್ಲಿಯೂ ನಿಲ್ಲದೆ ನನ್ನನ್ನೇ ಹಿಂದೆ ಹಾಕಿದ. ಬಳೆಗಾರ್ತಿಗೆ ಬೇಸರ: “ಯಾಕ್ರಿ ಕಾಕಾ, ನಮ್ಮ ಮ್ಯಾಲ ಸಿಟ್ಟೇನ್ರಿ? ಮಾರಿ ಸೈತ ನೋಡವಲ್ರಿ.”

ಮೂರು ವರ್ಷ ಹೀಗೇ ಕಳೆದವು. ಒಂದು ಸಂತೆಯ ದಿನ ನನ್ನ ಹೆಂಡತಿ ನಗುತ್ತ ಮನೆಗೆ ಬಂದಳು: “ನನ್ನ ತಮ್ಮ ಮತ್ತ ಮೊದಲಿನಂಗ ಆಗ್ಯಾನ್ರಿ. ತೊಟ್ಟಿಲ ರೇಟು ಕೇಳಾಕತ್ತಿದ್ದ.”

ನಾನು ಕುಡಿಯುತ್ತಿದ್ದ ಚಹಾ ಅಲ್ಲೇ ಬಿಟ್ಟು ಎದ್ದೆ. ಓಡಿಹೋಗಿ ಅವನ ಕಾಲುಚೀಲ ತೆಗೆಸಿದೆ. ಹೆಬ್ಬೆರಳಿನಲ್ಲಿ ಮಾಯದ ಹುಣ್ಣು, ಜೇಬಿನಲ್ಲಿ ಬೀಡಿ ಕಟ್ಟು. ಡಾಕ್ಟರ ಕಡೆಗೆ ಹೋಗುವುದನ್ನು ಯಾವಾಗಲೋ ಬಿಟ್ಟಿದ್ದ.

“ಮತ್ತ ಕಟ್ಟೇತಿ ಅಂತ ಬಾಯಿ ಬಿಟ್ಟು ಹೇಳಾಕ ಏನಾಗಿತ್ತೋ ನಿನಗ?”

“ಹೇಳಿದ್ರ ಅಕ್ಕ ಅಳ್ತಾಳಲ್ಲ, ಮಾಮಾ.”

ಮರುದಿನ ಬೆಳಿಗ್ಗೆಯೇ ಅವನನ್ನು ಯಾದಗಿರಿ ಸ್ಟೇಷನ್ನಿಗೆ ಕರೆತಂದೆ. ಸೊಲ್ಲಾಪುರದ ಗಾಡಿ ಆಚೆಯ ಪ್ಲಾಟ್‌ಫಾರ್ಮಿಗೆ ಬರುವುದಿತ್ತು. ಹಳಿ ದಾಟುವ ಮೇಲ್ಸೇತುವೆಯ ನಡುವೆ ಅವನು ನಿಂತುಬಿಟ್ಟ. ಅತ್ತಿತ್ತ ನೋಡಿದ. ಬೆಲೆ ಕೇಳಲು ಅಲ್ಲಿ ಒಂದು ಅಂಗಡಿಯೂ ಇರಲಿಲ್ಲ. ನನ್ನ ಹೆಗಲಿಗೆ ಕೈ ಹಾಕಿದ.

“ಈ ಸಲ ಬಲೂನು ಹಾಕ್ತಾರೋ, ಕಾಲೇ ಕಡೀತಾರೋ, ಮಾಮಾ?”

ಕೆಳಗೆ ಗಾಡಿ ಬಂದು ನಿಂತಿತು. ಹುಟ್ಟಿದಾಗಿನಿಂದ ಒಂದು ಗಾಡಿಯನ್ನೂ ತಪ್ಪಿಸಿಕೊಂಡವನಲ್ಲ ನಾನು.

“ಅವಸರಿಲ್ಲ. ಮಧ್ಯಾಹ್ನ ಇನ್ನೊಂದೈತಿ,” ಎಂದೆ.

ಗಾಡಿ ಹೊರಟಿತು. ಅವನ ಭಾರ ನನ್ನ ಹೆಗಲ ಮೇಲೆಯೇ ಇತ್ತು.