ಅತ್ತೆಯ ಬೀನ್ಸ್ ಕೋಲು, ನನ್ನ ಆರು ಟೆಂಟು

ಗಟ್ಟಿಮುಟ್ಟಾದ ಮನೆ ಇರುವವರು ದುಡ್ಡು ಕೊಟ್ಟು ಬಟ್ಟೆಯೊಳಗೆ ಮಲಗಲು ಬರುವ ಜಾಗದಲ್ಲಿ ವಾರಕ್ಕೊಂದು ಎಡವಟ್ಟು ಆಗದಿದ್ದರೆ ಆಶ್ಚರ್ಯಪಡಬೇಕು. ಆಶ್ಚರ್ಯಪಡುವ ಭಾಗ್ಯ ನನಗಿನ್ನೂ ಬಂದಿಲ್ಲ.

ತಮಿಳುನಾಡಿನ ಚಿನ್ನಮನೂರಿನಿಂದ ಬೆಟ್ಟ ಹತ್ತುವ ಬಸ್ಸಿನಲ್ಲಿ ನಾನು ಹನ್ನೆರಡು ವರ್ಷ ಕಂಡಕ್ಟರ್ ಆಗಿದ್ದೆ. ರಸ್ತೆ ಮುಗಿಯುವಲ್ಲಿ ನಮ್ಮ ಸೋದರತ್ತೆಯ ಊರು. ಎರಡು ಟೀ ಅಂಗಡಿ, ಒಂದು ಶಾಲೆ, ಮನಸ್ಸು ಬಂದಾಗ ಕೆಲಸ ಮಾಡುವ ಒಂದು ಮೊಬೈಲ್ ಟವರು, ಅಷ್ಟೇ. ಟೀ ತೋಟ ನೋಡಲು ಬರುವ ಪಟ್ಟಣದ ಹುಡುಗರು 'ಅಣ್ಣಾ, ಮೇಲೆ ಕ್ಯಾಂಪಿಂಗ್ ಇದೆಯಾ' ಎಂದು ಕೇಳಿ ಕೇಳಿ ನನ್ನ ತಲೆ ಕೆಡಿಸಿದರು. ಕೆಲಸ ಬಿಟ್ಟು ಆರು ಟೆಂಟು ತಂದೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ 'ರಿಸಾರ್ಟ್ ಮಾಡ್ತಾ ಇದ್ದೀನಿ' ಎಂದು ಜಂಬ ಕೊಚ್ಚಿಕೊಂಡೂ ಬಂದೆ. ಅದೊಂದು ಮಾಡಬಾರದಿತ್ತು, ಯಾಕೆಂದರೆ ಜಾಗ ಅತ್ತೆಯದು.

ಅತ್ತೆಗೆ ಎಪ್ಪತ್ತು ವರ್ಷ. ಮನೆಯ ಹಿಂದಿನ ಅರ್ಧ ಎಕರೆಯಲ್ಲಿ ಬೀನ್ಸ್ ಬೆಳೆಯುತ್ತಿದ್ದಳು. "ಪೊಂಗಲ್ ತನಕ ನೋಡ್ತೀನಿ. ಸರಿ ಬರ್ಲಿಲ್ಲಾಂದ್ರೆ ಬೀನ್ಸ್ ಹಾಕ್ತೀನಿ" ಎಂದಳು. ಬಳ್ಳಿಗೆ ನೆಡುವ ಕೋಲುಗಳ ಕಟ್ಟನ್ನು ಅಟ್ಟಕ್ಕೆ ಏರಿಸಲೂ ಇಲ್ಲ, ನನ್ನ ಮೊದಲ ಟೆಂಟಿನ ಪಕ್ಕಕ್ಕೇ ತಂದು ಒರಗಿಸಿದಳು. ಬೀನ್ಸ್ ಗೆದ್ದರೆ ನಾನು ಅದೇ ಬಸ್ಸು ಹತ್ತಿ, ಅದೇ ಜನಕ್ಕೆ ಮತ್ತೆ ಟಿಕೆಟ್ ಹರಿಯಬೇಕು. ಅವರು ಏನೇನು ಕೇಳಬಹುದು ಎಂದು ನೆನೆದರೆ ಆ ಚಳಿಯಲ್ಲೂ ಬೆವರು ಬರುತ್ತಿತ್ತು.

೧. ಮೊದಲ ಅತಿಥಿಗಳು

ಮೊದಲು ಬಂದವರು ಮಧುರೆಯ ನಾಲ್ಕು ಹುಡುಗರು. ಕಷ್ಟಪಡಬೇಕು ಎಂಬ ಆಸೆಯಿಂದ ಬಂದಿದ್ದರು. ನಾನು ಟೆಂಟು ಹಾಕಿಕೊಟ್ಟು, ಸೌದೆ ತರಲು ಹೋದೆ. ವಾಪಸು ಬಂದರೆ ಟೆಂಟುಗಳು ಖಾಲಿ. ನಾಲ್ವರೂ ಅತ್ತೆಯ ನಡುಮನೆಯಲ್ಲಿ ಸಾಲಾಗಿ ಕೂತು ದೋಸೆ ತಿನ್ನುತ್ತಿದ್ದರು. ಹಾಸಿಗೆಯೂ ಹಾಸಿ ಆಗಿತ್ತು.

"ಅತ್ತೆ, ಅವರು ಹೊರಗಡೆ ಮಲಗೋಕೆ ಬಂದಿರೋದು" ಎಂದೆ.

"ಬಂದ ಜನಾನ ನೆಲದ ಮೇಲೆ ಮಲಗಿಸಿ, ನಾನು ಒಳಗೆ ಬಾಗಿಲು ಹಾಕ್ಕೊಂಡು ಮಲಗ್ಲಾ? ಊರೋರು ನನ್ನ ಮುಖಕ್ಕೆ ಉಗೀತಾರೆ. ನೀನು ಬೇಕಾದ್ರೆ ಹೊರಗೆ ಮಲಗು" ಎಂದಳು.

ನಾನೇ ಹೊರಗೆ ಮಲಗಿದೆ. ಹುಡುಗರು ಹೋಗುವಾಗ ಫೋನಿನಲ್ಲಿ ಐದಕ್ಕೆ ಐದು ನಕ್ಷತ್ರ ಕೊಟ್ಟು, ಕೆಳಗೆ ಬರೆದಿದ್ದರು: 'ಚಟ್ನಿ ಅದ್ಭುತ. ಟೆಂಟಿನಲ್ಲಿ ಯಾರೋ ಒಬ್ಬರು ಕೆಮ್ಮುತ್ತಿದ್ದರು.'

೨. ಬೆಂಕಿ

ಅತಿಥಿಗಳನ್ನು ಒಳಗೆ ಕರೆಯಕೂಡದು ಎಂದು ಅತ್ತೆಯ ಕಾಲು ಹಿಡಿದು ಒಪ್ಪಿಸಿದೆ. ಮುಂದಿನ ತಂಡ ದಿಂಡಿಗಲ್‌ನ ಒಂದು ಖಾಸಗಿ ಕಂಪನಿಯವರು, ಹತ್ತು ಜನ. ಸಂಜೆಗೇ ಬೆಂಕಿ ಹಾಕಿಸಿಕೊಂಡು ಸುತ್ತ ಕೂತರು. ಒಬ್ಬ ಗಿಟಾರ್ ತಂದಿದ್ದ. ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದ, ಹಾಗಾಗಿ ಅತ್ತೆ ಬಂದದ್ದು ಅವನಿಗೆ ಕಾಣಲಿಲ್ಲ. ಮೂರು ಕಲ್ಲು ಇಟ್ಟು, ತಾಮ್ರದ ಹಂಡೆ ಕೂರಿಸಿ, ನೀರು ತುಂಬಿಸಿದಳು.

ಆಕೆಯ ಲೆಕ್ಕದಲ್ಲಿ ಬೆಂಕಿ ಅಂದಮೇಲೆ ಮೇಲೆ ಏನಾದರೂ ಇರಬೇಕು. ಸುಮ್ಮನೆ ಉರಿಯುವ ಸೌದೆಯನ್ನು ಆಕೆ ಸ್ಮಶಾನ ಬಿಟ್ಟು ಇನ್ನೆಲ್ಲೂ ನೋಡಿಲ್ಲ. ನೀರು ಕಾದ ಕೂಡಲೇ ಒಬ್ಬೊಬ್ಬರನ್ನೇ ಬಚ್ಚಲಿಗೆ ಕಳಿಸಿದಳು. ಮ್ಯಾನೇಜರ್ ಬೇಡ ಎಂದು ಗೊಣಗಿದ. "ಪ್ರಯಾಣ ಮಾಡಿ ಬಂದಿದ್ದೀಯ ಸಾಮಿ, ವಾಸನೆ ಬರ್ತೈತೆ" ಎಂದಳು. ಆತ ಎಲ್ಲರಿಗಿಂತ ಮೊದಲು ಹೋದ.

ಕೊನೆಗೆ ಹತ್ತು ಜನವೂ ಹಣೆಗೆ ವಿಭೂತಿ ಹಚ್ಚಿಸಿಕೊಂಡು, ತಲೆಗೆ ಟವೆಲ್ ಸುತ್ತಿಕೊಂಡು ಸಾಲಾಗಿ ಕೂತರು. ಗಿಟಾರಿನವನು ಹಾಡು ಬದಲಾಯಿಸಿದ. ಭಜನೆ ಹೇಳತೊಡಗಿದ.

ಅವತ್ತು ಬೀನ್ಸ್ ಕೋಲಿನ ಕಟ್ಟು ಎರಡನೇ ಟೆಂಟಿನ ಪಕ್ಕಕ್ಕೆ ಸರಿದಿತ್ತು. ಆರನೆಯದನ್ನೂ ದಾಟಿದರೆ ಬೀನ್ಸೇ ಎಂದು ನನಗೆ ಅರ್ಥವಾಯಿತು.

೩. ಮೈಸೂರಿನ ಮೇಷ್ಟ್ರು

ಮೈಸೂರು ಕಡೆಯಿಂದ ಒಬ್ಬ ಕನ್ನಡ ಮೇಷ್ಟ್ರು ಬಂದರು. ಎಷ್ಟೋ ತಲೆಮಾರಿನ ಹಿಂದೆ ತಮಿಳು ಸೀಮೆಗೆ ಬಂದು ನೆಲೆಸಿದ ನಾವು ಮನೆಯಲ್ಲಿ ಆಡುವ ಕನ್ನಡ ಕೇಳಿ ಅವರ ಕಣ್ಣಲ್ಲಿ ನೀರೇ ಬಂತು. "ನೂರಾರು ವರ್ಷದ ಹಿಂದಿನ ಮಾತು ಕಣ್ರೀ ಇದು" ಎಂದು ಫೋನು ತೆಗೆದು, ರೆಕಾರ್ಡ್ ಒತ್ತಿ, ಅತ್ತೆಯ ಮುಂದೆ ಹಿಡಿದರು.

ಅತ್ತೆ ಸೆರಗು ಸರಿಮಾಡಿಕೊಂಡು ಶುದ್ಧ ತಮಿಳಿನಲ್ಲಿ ಮಾತು ಶುರು ಮಾಡಿದಳು. ಮುಂದೆ ಏನಾದರೂ ಹಿಡಿದು ನಿಂತವರೆಲ್ಲ ಆಕೆಗೆ ಸರ್ಕಾರದವರೇ, ಸರ್ಕಾರದ ಜೊತೆ ತಮಿಳು. ಕನ್ನಡ ಮನೆಯವರಿಗೆ, ಹಸುವಿಗೆ, ನನಗೆ. ಮೇಷ್ಟ್ರು ಎರಡು ದಿನ ಅಂಗಲಾಚಿದರು. ಅತ್ತೆ ಎರಡು ದಿನವೂ ತಮಿಳಿನಲ್ಲೇ ರೇಷನ್ ಕಾರ್ಡಿನ ವಿಷಯ ಹೇಳಿದಳು.

ಮೂರನೇ ದಿನ ಬೆಳಗ್ಗೆ ನಾನು ಎದ್ದದ್ದು ತಡವಾಯಿತು. ಅಂಗಳದಲ್ಲಿ ನಿಂತು ಅತ್ತೆ ನನ್ನ ಜನ್ಮ ಜಾಲಾಡಿದಳು. ನನ್ನ ಸೋಮಾರಿತನ, ನನ್ನ ಅಪ್ಪನ ಸೋಮಾರಿತನ, ನಾನು ತೊಟ್ಟಿಲಿನಲ್ಲೂ ಎಷ್ಟು ಸೋಮಾರಿಯಾಗಿದ್ದೆ ಎಂಬುದು, ಯಾವುದನ್ನೂ ಬಿಡಲಿಲ್ಲ. ಮೇಷ್ಟ್ರು ಟೆಂಟಿನ ಜಿಪ್ಪು ಒಂದು ಗೇಣು ಸರಿಸಿ, ಫೋನು ಹೊರಗೆ ಚಾಚಿ, ಉಸಿರು ಬಿಗಿಹಿಡಿದು ಕೂತಿದ್ದರು.

ಅದನ್ನು ಈಗ ತರಗತಿಯಲ್ಲಿ ಕೇಳಿಸುತ್ತಾರಂತೆ. ನಾನು ಎಂಥ ದಂಡಪಿಂಡ ಎಂದು ಎಂ.ಎ. ಹುಡುಗರು ಟಿಪ್ಪಣಿ ಬರೆದುಕೊಳ್ಳುತ್ತಿದ್ದಾರೆ.

೪. ಎಲೆ ಅಡಿಕೆ ತಟ್ಟೆ

ಪೊಂಗಲ್‌ಗೆ ಹತ್ತು ದಿನ ಉಳಿದಿತ್ತು. ಕಟ್ಟು ಆರನೇ ಟೆಂಟಿಗೆ ಬಂದು ನಿಂತಿತ್ತು. ಆಗ ಒಂದು ಮಧ್ಯಾಹ್ನ ಬೈಕಿನಲ್ಲಿ ಹೊಸ ಜೋಡಿಯೊಂದು ಬಂತು. ಮದುವೆಯಾಗಿ ಎರಡು ತಿಂಗಳು. ಗಾಳಿಗೆ ಹುಡುಗಿಯ ಕಣ್ಣು ಕೆಂಪಗೆ ಊದಿಕೊಂಡಿತ್ತು. ಟೆಂಟಿನ ಮುಂದೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು.

ಅಳುತ್ತಿದ್ದಾಳೆ ಎಂದುಕೊಂಡು ಅತ್ತೆ ಪಕ್ಕದಲ್ಲಿ ಹೋಗಿ ಕೂತು, ಮನೆಯ ಮಗುವನ್ನು ಕೇಳುವಂತೆ ಕನ್ನಡದಲ್ಲೇ ಕೇಳಿದಳು. "ಇಲ್ಲಿಗೆ ಬಂದಿರೋದು ಮನೇಲಿ ಗೊತ್ತಾ ಮಗಾ?"

"ಹೇಳಿಲ್ಲ. ಹೇಳಿದ್ರೆ ಬಿಡ್ತಿರಲಿಲ್ಲ" ಎಂದಳು ಹುಡುಗಿ ತಮಿಳಿನಲ್ಲಿ. ಅತ್ತೆಯ ಕನ್ನಡ ಆಕೆಗೆ ಅರ್ಥವಾಗಿದ್ದರಿಂದ ನಮ್ಮವರೇ ಎಂದು ತಿಳಿಯಿತು. ಗಂಡನ ಮನೆ ಚಿನ್ನಾಳಪಟ್ಟಿ ಎಂದೂ ತಿಳಿಯಿತು.

ಅತ್ತೆಗೆ ಅಷ್ಟು ಸಾಕಾಯಿತು. ಬಟ್ಟೆಯೊಳಗೆ ಮಲಗಲು ಜನ ಯಾಕೆ ಬರುತ್ತಾರೆ ಎಂಬ ಪ್ರಶ್ನೆಗೆ ಆಕೆಗೆ ಕೊನೆಗೂ ಉತ್ತರ ಸಿಕ್ಕಿತ್ತು: ಮನೆಯಿಂದ ಹೊರಗೆ ಹಾಕಿರುತ್ತಾರೆ. ನಮ್ಮವರಲ್ಲಿ ಮೂರು ಫೋನಿನೊಳಗೆ ಯಾರನ್ನು ಬೇಕಾದರೂ ಹಿಡಿಯಬಹುದು. ಅತ್ತೆ ಎರಡರಲ್ಲೇ ಇಬ್ಬರ ಮನೆಯವರನ್ನೂ ಹಿಡಿದು, ಹುಡುಗಿ ಇಲ್ಲಿ ಅಳುತ್ತಾ ಕೂತಿದ್ದಾಳೆ ಎಂದು ಮುಟ್ಟಿಸಿದಳು. ನನಗೆ ಒಂದು ಮಾತೂ ಹೇಳಲಿಲ್ಲ.

ಮಾರನೆಯ ಬೆಳಗ್ಗೆ ಒಂದು ವ್ಯಾನು ಬಂದು ನಿಂತಿತು. ಎರಡೂ ಕಡೆಯವರು, ಒಟ್ಟು ಹದಿನಾರು ಜನ ಇಳಿದರು. ಮುನಿಸಿಕೊಂಡು ಹೋದ ಸೊಸೆಯನ್ನು ಕರೆಯಲು ಬರಿಗೈಯಲ್ಲಿ ಬರುವ ಪದ್ಧತಿ ನಮ್ಮಲ್ಲಿಲ್ಲ. ಎಲೆ, ಅಡಿಕೆ, ಬಾಳೆಹಣ್ಣು, ಸೀರೆ ಇಟ್ಟ ತಟ್ಟೆ ಹಿಡಿದು ಹುಡುಗನ ತಾಯಿ ಎಲ್ಲರಿಗಿಂತ ಮುಂದೆ ಇದ್ದರು. ಗಂಡ ಹೆಂಡತಿ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಟೆಂಟಿನಿಂದ ಹೊರಗೆ ಬಂದರು.

ಹುಡುಗನ ತಾಯಿ ಗಳಗಳನೆ ಅತ್ತರು. "ತಪ್ಪಾಯ್ತಮ್ಮ, ಮನೆಗೆ ಬಾ. ನಿನ್ನ ಸಾಂಬಾರು ಕಲಗಚ್ಚು ಇದ್ದಂಗೈತೆ ಅಂತ ನಾನು ಬೀದಿಯೋರ ಹತ್ರ ಅನ್ನಬಾರದಾಗಿತ್ತು."

ಹುಡುಗಿ ಬ್ರಷ್ ತೆಗೆದಳು. "ಏನಂದ್ರಿ?"

ಅಲ್ಲಿಯವರೆಗೆ ಇಲ್ಲದ ಜಗಳ ಅಲ್ಲಿಂದ ಶುರುವಾಯಿತು. ಹುಡುಗ ನನ್ನ ಕಡೆ ತಿರುಗಿ, "ಅಣ್ಣಾ, ನಾವು ಮಂಜು ನೋಡೋಕೆ ಬಂದಿದ್ವಿ" ಎಂದ. ನಾನು ಮಂಜು ತೋರಿಸಿದೆ. ಆ ಗಳಿಗೆಯಲ್ಲಿ ನನ್ನ ಕೈಲಾಗುತ್ತಿದ್ದದ್ದು ಅಷ್ಟೇ. ನನ್ನ ಕತೆ ಮುಗಿಯಿತು, ಇನ್ನು ಬಸ್ಸೇ ಗತಿ ಎಂದುಕೊಂಡೆ.

ಅತ್ತೆ ಮಾತ್ರ ಜಮಖಾನ ಹಾಸಿ, ನಡುವೆ ತಟ್ಟೆ ಇಟ್ಟು, ಎರಡೂ ಕಡೆಯವರನ್ನು ಎದುರುಬದುರು ಕೂರಿಸಿದಳು. ಸಾಂಬಾರಿನ ವಿಚಾರಣೆ ಊಟದ ಹೊತ್ತಿನವರೆಗೂ ನಡೆಯಿತು. ಕೊನೆಗೆ ಸೊಸೆಯೇ ಅಲ್ಲಿ ಸಾಂಬಾರು ಮಾಡಬೇಕು, ಹುಡುಗನ ತಾಯಿ ಎರಡು ಸಲ ಹಾಕಿಸಿಕೊಂಡು ತಿನ್ನಬೇಕು ಎಂದು ತೀರ್ಪಾಯಿತು. ಅವರು ಮೂರು ಸಲ ಹಾಕಿಸಿಕೊಂಡರು. ಹುಡುಗಿ ನಕ್ಕು, ತಟ್ಟೆ ತೆಗೆದುಕೊಂಡಳು.

ಹೊರಡೋಣ ಎಂದರೆ ಯಾರಿಗೂ ಧೈರ್ಯವಿಲ್ಲ. ಹತ್ತುವಾಗಲೇ ತಿರುವುಗಳಲ್ಲಿ ಅರ್ಧ ವ್ಯಾನು ವಾಂತಿ ಮಾಡಿಕೊಂಡಿತ್ತು, ಈಗ ಹೊಟ್ಟೆ ತುಂಬ ಸಾಂಬಾರು ಬೇರೆ. "ಇವತ್ತು ಇಲ್ಲೇ ಇದ್ದು ನಾಳೆ ಹೋಗ್ತೀವಿ" ಎಂದರು. ಹದಿನೆಂಟು ಜನ, ಆರು ಟೆಂಟು. ಟೆಂಟಿನಲ್ಲಿ ಮಲಗಲು ಹುಡುಗನ ತಾಯಿಯೇ ಮೊದಲು ನುಗ್ಗಿದರು. ಮನೆಯೊಳಗೆ ಬನ್ನಿ ಎಂದು ಅತ್ತೆ ಕರೆದರೆ ಒಬ್ಬರೂ ಒಪ್ಪಲಿಲ್ಲ.

ಅತ್ತೆ ತಲೆ ಎಣಿಸಿದಳು, ಟೆಂಟು ಎಣಿಸಿದಳು. ಆಮೇಲೆ ಆರನೇ ಟೆಂಟಿನ ಹತ್ತಿರ ಹೋಗಿ, ಬೀನ್ಸ್ ಕೋಲಿನ ಕಟ್ಟು ಬಿಚ್ಚಿದಳು. ಕೋಲು ನೆಟ್ಟು, ಮೇಲೆ ಟಾರ್ಪಾಲು ಬಿಗಿದು, ಸಂಜೆಯೊಳಗೆ ಇನ್ನೂ ಮೂರು ಟೆಂಟು ಎಬ್ಬಿಸಿದಳು. ಕೈ ಮುಗಿಯಲು ಹೋದೆ.

ಆಕೆ ಸುತ್ತಿಗೆ ನನ್ನ ಕೈಗೆ ತುರುಕಿ ಬೈದಳು. "ಜನ ಇದಕ್ಕೆ ಬರೋದು ಅಂತ ಮೊದಲೇ ಹೇಳೋದಲ್ವಾ? ನೀನು ಸುಮ್ನೆ ಮಲಗೋಕೆ ಬರ್ತಾರೆ ಅಂದೆ. ಬೀನ್ಸ್ ಬಿಡು, ಮುಂದಿನ ವಾರ ಯಾರ ಮನೆ ಜಗಳ ಬರ್ತೈತೆ ಹೇಳು."