ಉಡಿಯಲ್ಲಿ ಕೊಟ್ಟ ಬೀಜದ ಜೋಳ

ನಮ್ಮ ಸೋದರತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ದೇವರ ಮೇಲೆ ಅರ್ಧ ನಂಬಿಕೆ, ಮಳೆಯ ಮೇಲೆ ಕಾಲು ನಂಬಿಕೆ. ಪೂರ್ತಿ ನಂಬಿಕೆ ಇದ್ದದ್ದು ಜೋಳದ ಮೇಲೆ ಮಾತ್ರ! ರಾಮದುರ್ಗದ ಹೊಳೆದಂಡೆಯ ಓಣಿಯಲ್ಲಿ ಆಕೆಯ ಮನೆ. ಮಂಚದ ಕೆಳಗೆ ಜೋಳ, ಸೂಟ್‌ಕೇಸಿನಲ್ಲಿ ಜೋಳ, ಕೆಟ್ಟುಹೋದ ಫ್ರಿಜ್ಜಿನಲ್ಲೂ ಜೋಳ. ನಾನು ಬೈಲಹೊಂಗಲದಿಂದ ಹೋದಾಗಲೆಲ್ಲ ಹಾಸಿಗೆ ಹಾಸಲು ಚೀಲಗಳ ಅಪ್ಪಣೆ ಪಡೆಯಬೇಕಿತ್ತು.

ಬೇರೆಯವರು ಧಾರಾವಾಹಿ ನೋಡಿ ಅಳುತ್ತಾರೆ. ಈಕೆ ವಾರ್ತೆ ನೋಡಿ ಅಳುವವಳು. ಭೂಪಟದಲ್ಲಿ ಬೆಳಗಾವಿಯನ್ನು ತೋರಿಸಲು ಬಾರದಿದ್ದರೂ ಯಾವ ದೇಶದಲ್ಲಿ ಬಿಸಿಲಿಗೆ ಗೋಧಿ ಸುಟ್ಟಿತು, ಎಲ್ಲಿ ಭತ್ತ ಮುಳುಗಿತು ಎಂಬುದೆಲ್ಲ ಆಕೆಗೆ ಬಾಯಿಪಾಠ.

"ಅಲ್ಲೆಲ್ಲೋ ಹೊಳಿ ಬಂದ್ರ ನಿನಗೇನ ಆತು ಅತ್ತಿ?" ಎಂದು ನಾನು ಕಾಡಿಸುತ್ತಿದ್ದೆ.

"ಹೊಲ ಮುಳುಗಿದ್ರ ಅವರು ಉಣ್ಣೂದು ಬಿಡತಾರೇನ? ಕೊಳ್ಳಾಕ ಹೊಂಡತಾರ. ಈಗ ಜಗತ್ತಿಗೆಲ್ಲಾ ಒಂದ ಸಂತಿ ಆಗೇತಿ. ರೊಕ್ಕ ಇದ್ದಾಂವ ಮೊದಲ ಒಯ್ತಾನ, ನಾವು ಖಾಲಿ ಚೀಲ ಹಿಡಕೊಂಡು ನಿಲ್ಲೂದು!"

ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ನನ್ನ ಗಂಡ ಇದನ್ನು ಗಮನವಿಟ್ಟು ಕೇಳಿಸಿಕೊಂಡ. ಮರುವಾರ ತರಗತಿಯಲ್ಲಿ ತನ್ನದೇ ಮಾತೆಂಬಂತೆ ಹೇಳಿ ಚಪ್ಪಾಳೆ ಗಿಟ್ಟಿಸಿದನಂತೆ!

ಎಲ್ಲರೂ "ಆರಾಮ ಅದೀರಿ?" ಎಂದು ಕೇಳಿದರೆ ಅತ್ತೆ ಕೇಳುವುದು "ಮನ್ಯಾಗ ಎಷ್ಟು ದಿನದ ಜೋಳ ಐತ್ರಿ?" ನನ್ನ ತಂಗಿಯನ್ನು ನೋಡಲು ಕಿತ್ತೂರಿನಿಂದ ಬಂದ ಬೀಗರಿಗೂ ಅದೇ ಪ್ರಶ್ನೆ. ಹುಡುಗನ ತಾಯಿ ನಕ್ಕು, "ನಾವು ಏನೂ ಇಡಂಗಿಲ್ರಿ. ಫೋನ್ ಮಾಡಿದ್ರ ಅಂಗಡ್ಯಾಂವ ತಂದು ಕೊಡತಾನ" ಎಂದರು. "ಅಂಗಡ್ಯಾಂವಗ ಯಾರು ತಂದು ಕೊಡತಾರ್ರಿ?" ಎಂದಳು ಅತ್ತೆ. ಸಂಬಂಧವೇನೋ ಕೂಡಿತು, ಮದುವೆಗೆ ಅತ್ತೆಯ ಉಡುಗೊರೆ ಎರಡು ಚೀಲ ಜೋಳ.

ಇದೆಲ್ಲ ಉಣ್ಣುವ ಜೋಳ. ಬೂದಿ, ಬೇವಿನೆಲೆ ಹಾಕಿ ಬಾಯಿ ಮೆತ್ತಿದ ಒಂದು ಗಡಿಗೆ ಮಾತ್ರ ಬೇರೆ. ಅದರಲ್ಲಿ ಆಕೆಯ ಅಜ್ಜಿಯ ಕಾಲದ ಬೀಜವಿತ್ತು. ಮಳೆ ಕೈಕೊಟ್ಟ ವರ್ಷವೂ ತೆನೆ ಕಟ್ಟುವ ತಳಿ, ಮತ್ತೆ ಯಾರ ಹೊಲದಲ್ಲೂ ಉಳಿದಿರಲಿಲ್ಲ. ಕಟಕೋಳದ ಹತ್ತಿರದ ಆಕೆಯ ಹೊಲದಲ್ಲಿ ವರ್ಷವೂ ಅದರದ್ದು ನಾಲ್ಕೇ ಸಾಲು. ಬೀಜಕ್ಕೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಅತ್ತೆ, ನಾಗರಪಂಚಮಿಗೆ ಬಂದ ಹೆಣ್ಣುಮಕ್ಕಳ ಉಡಿಗೆ ಅಕ್ಕಿಯ ಬದಲು ತುಂಬುತ್ತಿದ್ದಳು. ಅಕ್ಕಿಯಿಲ್ಲದ ಉಡಿ! ಯರಗಟ್ಟಿಯಿಂದ ಬಂದ ಆಕೆಯ ನಾದಿನಿಗೆ ಒಂದು ವರ್ಷ ಮೂಗಿನ ತುದಿಗೆ ಸಿಟ್ಟು ಬಂತು.

"ನಾ ಏನ ಕೋಳಿ ಏನ ವೈನಿ, ಕಾಳ ಹಾಕಾಕ?"

"ತಿನಬ್ಯಾಡ್ರಿ, ಇಡ್ರಿ. ನಮ್ಮ ಮನ್ಯಾಗ ಹೋದ್ರ ನಿಮ್ಮ ಮನ್ಯಾಗಾದ್ರೂ ಇರಲಿ."

ನಾವೆಲ್ಲ ಹೂಂ ಎಂದೆವು, ಬಸ್ ಹತ್ತಿ ಹೊಟ್ಟೆ ಹಿಡಿದು ನಕ್ಕೆವು.

ವಾರ ಕಳೆಯುವುದರೊಳಗೆ ಮಲಪ್ರಭೆ ಊರೊಳಗೆ ಬಂದಳು. ಅತ್ತೆಯನ್ನು ಜನ ಎತ್ತಿಕೊಂಡು ಹೊರಗೆ ತಂದರು. ನೀರು ಇಳಿದ ಮೇಲೆ ನೋಡಿದರೆ ಮಂಚದ ಕೆಳಗಿನದೂ ಸೂಟ್‌ಕೇಸಿನದೂ ಎಲ್ಲ ಮೊಳೆತು ಕೊಳೆತಿತ್ತು. ಆ ಗಡಿಗೆಯ ಗುರುತೂ ಇರಲಿಲ್ಲ. ವಾರ್ತೆ ನೋಡಿ ಅಳುವ ಅತ್ತೆ ಅಂದು ಅಳಲೇ ಇಲ್ಲ. ಸೆರಗು ಕಟ್ಟಿ, ಉಡಿ ತುಂಬಿಸಿಕೊಂಡವರ ಮನೆಗಳಿಗೆ ಹೊರಟಳು. ನನ್ನ ತಂಗಿ ಪಾರಿವಾಳಕ್ಕೆ ಹಾಕಿದ್ದಳು, ಇನ್ನೊಬ್ಬಳು ನುಚ್ಚು ಮಾಡಿದ್ದಳು.

ನಮ್ಮ ಮನೆಗೂ ಬಂದಳು. ನಾನು ಬಾಗಿಲಲ್ಲೇ ನಿಂತು ನಿಜ ಹೇಳಿದೆ. "ಮಳಿ ಹಿಡದಿತ್ತು, ಹಿಟ್ಟು ತೀರಿತ್ತು. ಮಿಕ್ಸಿಗೆ ಹಾಕಿ ರೊಟ್ಟಿ ಮಾಡಿ ತಿಂದಬಿಟ್ಟೆ ಅತ್ತಿ."

ಬೈಸಿಕೊಳ್ಳಲು ತಲೆ ತಗ್ಗಿಸಿದೆ. ಆಕೆ ಕಟ್ಟಿದ್ದ ಸೆರಗು ಬಿಚ್ಚಿ ಹೊಸ್ತಿಲ ಮೇಲೆ ಕೂತಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ಹೆಂಗಿತ್ತ ರೊಟ್ಟಿ?"

"ಮೆತ್ತಗಿತ್ತು. ಬೆಲ್ಲದಂಗ ಸೀ ಇತ್ತು."

"ಹೌದೇನ? ನಮ್ಮಜ್ಜಿನೂ ಹಂಗ ಅಂತಿದ್ಲು. ನಾ ಒಂದ ಸಲನೂ ತಿಂದಿಲ್ಲ ನೋಡು. ಬೀಜದ್ದು, ಹೆಂಗ ತಿನ್ನೂದು?"

ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಉಳಿದಿದ್ದ ಕಡೆಯ ಮನೆ ಯರಗಟ್ಟಿಯದು, ನಾನೂ ಜೊತೆಗೆ ಹೋದೆ. ನಾದಿನಿ ಗಂಟನ್ನೇ ಬಿಚ್ಚಿರಲಿಲ್ಲ. ಮುಂದಿನ ಪಂಚಮಿಗೆ ಅತ್ತೆಯ ಮುಂದೆಯೇ ಒಗೆಯಬೇಕೆಂದು ಮೊಳೆಗೆ ನೇತುಹಾಕಿದ್ದಳು! ಆ ಸಿಟ್ಟಿಗೆ ಅತ್ತೆ ಎರಡೂ ಕೈ ಎತ್ತಿ ಮುಗಿದಳು.

ಆ ಹಿಂಗಾರಿಗೆ ನಾಲ್ಕು ಸಾಲು ಮತ್ತೆ ಎದ್ದವು. ರಾಶಿಯ ದಿನ ನಾನು, "ಅತ್ತಿ, ಒಂದ ರೊಟ್ಟಿ ಆಗೂವಷ್ಟಾದ್ರೂ ತಗೀ. ನಾ ಬಡದು ಕೊಡತೇನಿ" ಎಂದು ಗೋಗರೆದೆ. "ಮೊದಲ ನಿಮ್ಮೆಲ್ಲಾರ ಮನಿಗಿ ಬೀಜ ಆಗಲಿ. ಮುಂದಿನ ವರ್ಷ ತಿಂತೇನಿ ತಗೋ" ಎಂದಳು. ಮುಂದಿನ ವರ್ಷದ ತೆನೆ ಹಾಲುಗಾಳಾಗಿದ್ದಾಗ ಹೋಗಿಬಿಟ್ಟಳು.

ಈಗ ನಮ್ಮೆಲ್ಲರ ಮನೆಗಳಲ್ಲೂ ಆ ಬೀಜವಿದೆ. ಈ ಸುಗ್ಗಿಯಲ್ಲಿ ಬೀಜಕ್ಕೆ ತೆಗೆದಿಟ್ಟು ಮಿಕ್ಕಿದ್ದನ್ನು ಬೀಸಿಸಿ ರೊಟ್ಟಿ ಬಡಿದೆ. ಮೊದಲನೆಯದನ್ನು ತಾಟಿಗೆ ಹಾಕಿ, ಬೆಣ್ಣೆ ಹಚ್ಚಿ, ಮುಂದಿಟ್ಟುಕೊಂಡು ಕೂತೆ. ಬೆಣ್ಣೆ ಕರಗಿತು, ರೊಟ್ಟಿ ಆರಿತು. ಮುರಿಯಲು ಕೈ ಬರಲಿಲ್ಲ. ಅದು ಅತ್ತೆಯ ರೊಟ್ಟಿ.